ಕೊಯ್ದ ಗದ್ದೆಯಲ್ಲಿ ಡಿಸ್ಕ್ ಗಾಲ್ಫ್

ಭತ್ತದ ಕೊಯ್ಲು ಮುಗಿದರೆ ಉಡುತಡಿಯ ಸುತ್ತಮುತ್ತ, ಅತ್ತ ಸೊರಬದವರೆಗೂ, ಬಯಲಿಗೆ ಬರವಿಲ್ಲ. ಡಿಸ್ಕ್ ಗಾಲ್ಫ್ ಶುರುಮಾಡಲು ಇದೇ ಹೊತ್ತು. ತಟ್ಟೆ ಎಸೆಯಿರಿ, ಬಿದ್ದಲ್ಲಿಂದ ಮತ್ತೆ ಎಸೆಯಿರಿ, ಗುರಿ ಮುಟ್ಟಿಸಿ. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ಓಟವಿಲ್ಲ, ತಳ್ಳಾಟವಿಲ್ಲ, ನಡೆಯಬಲ್ಲ ಅಜ್ಜಿಯೂ ಮೊಮ್ಮಗಳ ಜೊತೆ ಆಡಬಹುದು.

1. ಬುಟ್ಟಿಗೆ ಕಾಯಬೇಡಿ. ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ ಇಂದು ಈ ಆಟದ ಗುರುತು. ಆದರೆ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಅಂಗಳ ಮಾಡಿದಾಗ ಗುರಿಗಳು ಬರೀ ಕಂಬಗಳು. ನೀವು ಗೂಟಕ್ಕೆ ಬಿದಿರಿನ ಬುಟ್ಟಿ ಕಟ್ಟಿ, ಇಲ್ಲವೇ ಬದುವಿನ ಮರಕ್ಕೆ ಕೆಂಪು ಬಟ್ಟೆ ಸುತ್ತಿ.

2. ಒಂಬತ್ತು ಗುರಿ ಸಾಕು. ಪೂರ್ತಿ ಆಟಕ್ಕೆ ಸಾಮಾನ್ಯವಾಗಿ 18. ಎಸೆತ ಶುರುಮಾಡಲು ಮಕ್ಕಳಿಗೆ, ಹಿರಿಯರಿಗೆ ಹತ್ತಿರದ ಗೆರೆ, ಪಳಗಿದವರಿಗೆ ದೂರದ್ದು.

3. ಒಂದೇ ತಟ್ಟೆಯಿಂದ ಕಲಿಯಿರಿ. ಅಡಿಕೆ ಹಾಳೆಯ ತಟ್ಟೆ ಬೇಡ, ಅದು ತೀರ ಹಗುರ, ಗಾಳಿಗೆ ತೂರಿಹೋಗುತ್ತದೆ. ಆಟದ ಡಿಸ್ಕ್ ಹೆಚ್ಚುಕಡಿಮೆ ಒಂದು ಗೇಣು ಅಗಲ, ಬಹುಪಾಲು 150ರಿಂದ 180 ಗ್ರಾಂ. ದೂರಕ್ಕೆ ಡ್ರೈವರ್, ನಡುವೆ ಮಿಡ್‌ರೇಂಜ್, ಗುರಿಯ ಬಳಿ ಪಟರ್ ಎಂದು ಮೂರು ಬಗೆ ಇವೆ. ಮೊದಲು ಕೊಳ್ಳಬೇಕಾದದ್ದು ಪಟರ್. ಡ್ರೈವರ್ ಹೊಸಬರ ಕೈಯಲ್ಲಿ ಸುಮ್ಮನೆ ಪಕ್ಕಕ್ಕೆ ಓಡುತ್ತದೆ.

4. ಬುಗುರಿಯನ್ನು ನೆನೆಯಿರಿ. ತಿರುಗುವಷ್ಟು ಹೊತ್ತು ಬುಗುರಿ ನಿಲ್ಲುತ್ತದೆ, ಡಿಸ್ಕೂ ಹಾಗೆಯೇ. ತೋಳಿನ ಬಲಕ್ಕಿಂತ ಮಣಿಕಟ್ಟಿನ ಮೀಟು ಮುಖ್ಯ. ಗುರಿಗೆ ಬಲ ಭುಜ ಕೊಟ್ಟು ನಿಲ್ಲಿ, ಡಿಸ್ಕನ್ನು ಎದೆಯ ಮಟ್ಟದಲ್ಲಿ ಅಡ್ಡಲಾಗಿ ಎಳೆದು ಬಿಡಿ. ಮುಂದಿನ ಅಂಚು ಮೇಲೆದ್ದರೆ ಅದು ಆಕಾಶಕ್ಕೇರಿ ಅಲ್ಲೇ ಸೋತು ಬೀಳುತ್ತದೆ. ಹೊಸಬರ ಹತ್ತು ತಪ್ಪಿನಲ್ಲಿ ಎಂಟು ಇದೇ ಎನ್ನುವಷ್ಟು ಸಾಮಾನ್ಯ. ಬಲಗೈಯವರು ಹೀಗೆ ಎಸೆದದ್ದು ಕೊನೆಯಲ್ಲಿ ಎಡಕ್ಕೆ ವಾಲುತ್ತದೆ. ಆದ್ದರಿಂದ ತುಸು ಬಲಕ್ಕೆ ಗುರಿ ಹಿಡಿಯಿರಿ.

5. ಗುರಿಯ 10 ಮೀಟರ್ ಒಳಗೆ ಬಂದಮೇಲೆ ಕಾಲು ಗಟ್ಟಿಯಿರಲಿ. ಎಸೆದ ರಭಸಕ್ಕೆ ಮುಂದೆ ಮುಗ್ಗರಿಸುವಂತಿಲ್ಲ, ನಿಯಮವೇ ಇದೆ.

6. ಹೆಣ್ಣುಮಕ್ಕಳ ಕೈಗೂ ಡಿಸ್ಕ್ ಕೊಡಿ. ಅಕ್ಕಮಹಾದೇವಿ ಹುಟ್ಟಿದ ಊರಿನಲ್ಲಿ ಹುಡುಗಿಯರು ಬದುವಿನ ಮೇಲೆ ನಿಂತು ನೋಡುವವರಾಗಿ ಉಳಿಯಬಾರದು. ಈ ಆಟದಲ್ಲಿ ಮೈಬಲಕ್ಕಿಂತ ನಿಖರತೆ ಗೆಲ್ಲಿಸುತ್ತದೆ.

7. ಲೆಕ್ಕ ನೀವೇ ಇಡಿ. ಊರಾಟಕ್ಕೆ ಅಂಪೈರ್ ಇರುವುದಿಲ್ಲ. ಡಿಸ್ಕ್ ಅಂಗಳದ ಗಡಿಯಾಚೆ ಬಿದ್ದರೆ ಒಂದು ಎಸೆತ ದಂಡ. ಗುರಿಯಿಂದ ಹೆಚ್ಚು ದೂರ ಇರುವವರದು ಮೊದಲ ಸರದಿ, ಉಳಿದವರು ಹಿಂದೆ ನಿಲ್ಲಬೇಕು.

8. ಗದ್ದೆಯವರನ್ನು ಕೇಳಿಯೇ ಇಳಿಯಿರಿ. ಉದ್ದು, ಹೆಸರು ಬಿತ್ತಿದ ಮಡಿ ತುಳಿಯಬೇಡಿ, ಅಡಿಕೆ ತೋಟದತ್ತ ಎಸೆಯಬೇಡಿ. ಕೆರೆಗೆ ಬೆನ್ನು ಮಾಡಿ ಆಡಿ, ಹೆಚ್ಚಿನ ಡಿಸ್ಕ್‌ಗಳು ಮುಳುಗುತ್ತವೆ. ದನ ಹಾದುಹೋಗುತ್ತಿದ್ದರೆ ಕೈ ಕೆಳಗಿಳಿಸಿ, ಕೊನೆಯ ಕರು ದಾಟುವವರೆಗೆ ಕಾಯಿರಿ.