ಆಟದ ಅಂಗಡಿ ಇಡುವ ಮಗಳಿಗೆ



ನೀನು ಕಳಿಸಿದ ಯೋಜನೆಯನ್ನು ಪೂರ್ತಿ ಓದಿದೆ. ದೊಡ್ಡ ಕಂಪನಿಗಳ ಹಂಗಿಲ್ಲದೆ ಒಬ್ಬಿಬ್ಬರೇ ಕೂತು ಮಾಡಿದ ವಿಡಿಯೊ ಗೇಮ್‌ಗಳಿಗೆ ಒಂದು ಆನ್‌ಲೈನ್ ಅಂಗಡಿ. “ಇಂಜಿನಿಯರಿಂಗ್ ಓದಿಸಿದ್ದು ಆಟದ ಸಾಮಾನು ಮಾರೋಕಾ” ಅಂತ ನಿಮ್ಮಪ್ಪ ಫೋನಿನಲ್ಲಿ ಗೊಣಗಿದ. ಅವನನ್ನು ನನಗೆ ಬಿಡು. ಆಟಗಳ ಒಳಗುಟ್ಟು ನನಗೆ ತಿಳಿಯದು, ಆದರೆ ದುಡ್ಡು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಎಲ್ಲೆಲ್ಲಿ ಸೋರುತ್ತದೆ ಅನ್ನೋದು ಬ್ಯಾಂಕಿನಲ್ಲಿ ಕೂತು ತಲೆ ನರೆತವನಿಗೆ ಸ್ವಲ್ಪ ಗೊತ್ತು. ಅದಕ್ಕೇ ಒಂದು ಸಾಲಿನ ಕೆಳಗೆ ಮಾತ್ರ ಪೆನ್ಸಿಲ್ ಗೆರೆ ಎಳೆದಿದ್ದೇನೆ. ಆಟ ಮಾಡಿದವರಿಗೆ ಕೊಡಬೇಕಾದ ಹಣವನ್ನು ಆರು ತಿಂಗಳು ತಡೆದು ಜಾಹೀರಾತಿಗೆ ರೋಲ್ ಮಾಡೋಣ ಅಂತ ಬರೆದಿದ್ದೀಯಲ್ಲ, ಆ ಸಾಲು.

ಅದನ್ನು ಹೊಡೆದುಹಾಕು.

ಡೆಸುರಾ ಹೆಸರು ಕೇಳಿದ್ದೀಯಾ? 2010ರ ಸುಮಾರಿಗೆ ಶುರುವಾದ, ನಿನ್ನಂಥದೇ ಅಂಗಡಿ. ಸ್ಟೀಮ್ ಅನ್ನುವ ದೊಡ್ಡ ಅಂಗಡಿಯಲ್ಲಿ ಜಾಗ ಸಿಗದ ಸಣ್ಣವರೆಲ್ಲ ಅಲ್ಲಿ ಆಟ ಇಡುತ್ತಿದ್ದರು. 2013ರಲ್ಲಿ ಲಿಂಡೆನ್ ಲ್ಯಾಬ್ ಅದನ್ನು ಕೊಂಡಿತು, ಮರುವರ್ಷ ಬ್ಯಾಡ್ ಜೂಜು ಗೇಮ್ಸ್ ಅನ್ನುವವರ ಕೈಗೆ ಹೋಯಿತು, 2015ರ ಜೂನ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಟಗಳು ಮಾರಾಟವಾಗಿದ್ದವು, ಗಿರಾಕಿ ದುಡ್ಡು ಕೊಟ್ಟಿದ್ದ. ಆದರೂ ಎಷ್ಟೋ ಜನ ಡೆವಲಪರ್‌ಗಳ ಬಾಕಿ ಹಾಗೇ ಉಳಿಯಿತು. ನಿನ್ನ ಖಾತೆಗೆ ನೂರು ರೂಪಾಯಿ ಬಂದರೆ ಅದರಲ್ಲಿ ನಿನ್ನದು ಕಮಿಷನ್‌ನ ಹತ್ತೇ. ಉಳಿದ ತೊಂಬತ್ತು ಸೇರಿಸಿಕೊಂಡು ಬ್ಯಾಲೆನ್ಸ್ ನೋಡಿದಾಗಲೇ ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಶುರುವಾಗೋದು.

ನಮ್ಮ ಕಡೆ ಅಡಕೆ ಮಂಡಿಗಳನ್ನು ನೋಡಿದ್ದೀಯಲ್ಲ. ಯಾರು ಒಂದು ರೂಪಾಯಿ ಹೆಚ್ಚು ಕೊಡ್ತಾರೆ ಅನ್ನೋದಕ್ಕಿಂತ ಯಾರು ಹೇಳಿದ ದಿನ ಪಟ್ಟಿಯ ಹಣ ಕೊಡ್ತಾರೆ ಅಂತ ನೋಡಿಯೇ ಬೆಳೆಗಾರ ಗಾಡಿ ತಿರುಗಿಸೋದು. ಆಟ ಮಾಡುವ ಹುಡುಗರೂ ಹಾಗೇ ನೋಡ್ತಾರೆ.

ನಮ್ಮ ದೇಶದಲ್ಲಿ ಬೇರೆಯವರ ಹಣ ತಡೆಯದಿರೋದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ. ಬೇರೆಯವರ ಪರವಾಗಿ ಗಿರಾಕಿಯಿಂದ ಹಣ ಸಂಗ್ರಹಿಸುವ ಬ್ಯಾಂಕೇತರ ಪೇಮೆಂಟ್ ಅಗ್ರಿಗೇಟರ್‌ಗಳಿಗೆ ಅನುಮತಿ ಬೇಕು, ಆ ಹಣ ಬೇರೆಯಾಗಿ ಕಾಯ್ದಿಡುವ ಎಸ್ಕ್ರೋ ಖಾತೆಯಲ್ಲೇ ಇರಬೇಕು ಅಂತ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ನಿಯಮ ತಂದಿತು. ನೀನೇ ಅಗ್ರಿಗೇಟರ್ ಆಗಲು ಹೋಗಬೇಡ. ಅನುಮತಿ ಇರುವವರನ್ನು ಹಿಡಿದು, ಪ್ರತಿ ಮಾರಾಟದ ಹಣ ಅಲ್ಲೇ ಎರಡು ಭಾಗವಾಗಿ, ನಿನ್ನ ಕಮಿಷನ್ ನಿನಗೆ, ಅವರ ಪಾಲು ಅವರಿಗೆ ಹೋಗುವ ಹಾಗೆ ಮಾಡಿಸಿಕೋ. ನಿನ್ನ ಕೈಗೆ ಬಾರದ ದುಡ್ಡನ್ನು ನೀನು ಜಾಹೀರಾತಿಗೆ ಸುರಿಯೋದು ಹೇಗೆ?

ಇನ್ನು ಇಚ್.ಐಒ. ಲೀಫ್ ಕೋರ್ಕೊರನ್ ಅನ್ನುವವರು 2013ರಲ್ಲಿ ಶುರು ಮಾಡಿದ, ಇಂಥದೇ ಆಟದ ಅಂಗಡಿ. ಯೋಜನೆಯಲ್ಲಿ ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ, ನನಗಂತೂ ಎಲ್ಲಕ್ಕಿಂತ ರುಚಿಸಿದ್ದು ಅದೇ. ಸ್ಟೀಮ್ ಸಾಮಾನ್ಯವಾಗಿ ನೂರಕ್ಕೆ 30 ಹಿಡಿಯುತ್ತದೆ. 2018ರ ಕೊನೆಗೆ ಬಂದ ಎಪಿಕ್ ಅಂಗಡಿ 12 ಅಂತ ಸಾರಿತು. ಇಚ್‌ನವರು 2015ರಿಂದ ಅಂಗಡಿಯ ಪಾಲು ಎಷ್ಟು ಅಂತ ಆಟ ಮಾಡಿದವನೇ ನಿಗದಿ ಮಾಡಲಿ ಅಂದುಬಿಟ್ಟರು. ಏನೂ ಹೇಳದಿದ್ದರೆ ನೂರಕ್ಕೆ 10, ಬೇಡ ಅಂದರೆ ಸೊನ್ನೆ. ವ್ಯಾಪಾರ ಬಲ್ಲವರು ನಗಬಹುದು, ಅಂಗಡಿ ಮಾತ್ರ ಇನ್ನೂ ನಡೀತಿದೆ. 2020ರ ಜೂನ್‌ನಲ್ಲಿ ಅಮೆರಿಕದ ಜನಾಂಗೀಯ ನ್ಯಾಯದ ಹೋರಾಟಕ್ಕೆ ಅಂತ ಅಲ್ಲಿ 1,700ಕ್ಕೂ ಹೆಚ್ಚು ಆಟ, ಕೃತಿಗಳನ್ನು ಸೇರಿಸಿ ಒಂದು ಕಟ್ಟು ಮಾಡಿ, ಕನಿಷ್ಠ 5 ಡಾಲರ್‌ಗೆ ಮಾರಿದರು. ಸಂಗ್ರಹವಾದದ್ದು 81 ಲಕ್ಷ ಡಾಲರ್‌ಗೂ ಹೆಚ್ಚು. ಅಷ್ಟು ಜನ ತಮ್ಮ ದುಡಿಮೆಯನ್ನು ಪುಕ್ಕಟೆ ಕೊಟ್ಟದ್ದು ಅಂಗಡಿಯವನ ಮೇಲೆ ನಂಬಿಕೆ ಇದ್ದದ್ದಕ್ಕೆ.

ಬೆಲೆಯ ಬಗ್ಗೆ ಒಂದು ಲೆಕ್ಕ ಹಾಕಿ ತೋರಿಸ್ತೀನಿ. ಅಮೆರಿಕದಲ್ಲಿ ಕಾರ್ಡ್ ಪಾವತಿಗೆ ನೂರಕ್ಕೆ 2.9 ಜೊತೆಗೆ 30 ಸೆಂಟ್ ಅನ್ನೋದು ಮಾಮೂಲಿ ದರ. 10 ಡಾಲರ್‌ನ ಆಟದಲ್ಲಿ 59 ಸೆಂಟ್ ಹೋಗುತ್ತದೆ, ಸಹಿಸಬಹುದು. 1 ಡಾಲರ್‌ನ ಆಟದಲ್ಲಿ 33 ಸೆಂಟ್, ಅಂದರೆ ಮೂರನೇ ಒಂದು ಭಾಗ ದಾರಿಯಲ್ಲೇ ಕರಗಿತು. ನೀನು ಹತ್ತು ಸೆಂಟ್ ತಗೊಂಡರೂ ಪಾಪ, ಆ ಹುಡುಗನಿಗೆ ಉಳಿಯೋದು 57. ನಮ್ಮಲ್ಲಿ ಹಾಗಲ್ಲ, ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ 2020ರ ಜನವರಿಯಿಂದ ಎಂಡಿಆರ್, ಅಂದರೆ ವ್ಯಾಪಾರಿಯಿಂದ ಹಿಡಿಯುವ ಶುಲ್ಕ, ಇಲ್ಲ. ಗೇಟ್‌ವೇಯವರು ತಮ್ಮ ಸೇವಾಶುಲ್ಕ ಏನಾದರೂ ಸೇರಿಸ್ತಾರಾ ಅಂತ ಒಪ್ಪಂದ ಓದಿ ನೋಡು. ಅದೊಂದು ಸರಿಹೋದರೆ ಐವತ್ತು ರೂಪಾಯಿಯ ಆಟವನ್ನೂ ಧೈರ್ಯವಾಗಿ ಮಾರಬಹುದು. ನಿನ್ನ ಯೋಜನೆಯ ನಿಜವಾದ ಬಲ ಇದು, ನೀನೋ ಇದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀಯ.

ಚಾರ್ಜ್‌ಬ್ಯಾಕ್ ಗೊತ್ತಲ್ಲ? ಕಾರ್ಡಿನವನು “ಇದು ನಾನು ಕೊಂಡದ್ದಲ್ಲ” ಅಂತ ತನ್ನ ಬ್ಯಾಂಕಿಗೆ ಬರೆದುಕೊಟ್ಟರೆ ಹಣ ವಾಪಸು ಹೋಗುತ್ತದೆ, ಮೇಲೆ ದಂಡ. ಅಮೆರಿಕದಲ್ಲಿ ಅದು 15 ಡಾಲರ್, ಕೆಲವು ಕಡೆ ಇನ್ನೂ ಹೆಚ್ಚು. 2 ಡಾಲರ್‌ನ ಆಟಕ್ಕೆ! ಅದಕ್ಕೇ ಹಣ ವಾಪಸು ಕೊಡುವ ಬಾಗಿಲನ್ನು ನೀನೇ ತೆರೆದಿಡು. 14 ದಿನದೊಳಗೆ ಕೇಳಿದರೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ ಸ್ಟೀಮ್ ಕಾರಣ ಕೆದಕದೆ ಕೊಡುತ್ತದೆ. ನಿನ್ನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಆಟಗಳೂ ಇರ್ತವೆ, ಆ ಎರಡು ಗಂಟೆಯನ್ನು ಹಾಗೇ ನಕಲು ಮಾಡಬೇಡ.

ಅಂಗಡಿ ನಿನ್ನದಾದರೂ ಬೀಗದ ಕೈ ಪೂರ್ತಿ ನಿನ್ನ ಹತ್ತಿರ ಇರೋದಿಲ್ಲ. 2024ರ ಡಿಸೆಂಬರ್‌ನಲ್ಲಿ ಒಂದು ಪುಟದ ಮೇಲೆ ಬಂದ ದೂರಿನಿಂದ ಇಚ್‌ನ ಇಡೀ ವೆಬ್‌ಸೈಟ್ ಕೆಲವು ಗಂಟೆ ಮುಚ್ಚಿಹೋಯಿತು. 2025ರ ಜುಲೈನಲ್ಲಿ ಪಾವತಿ ಕಂಪನಿಗಳ ಒತ್ತಡಕ್ಕೆ ಮಣಿದು ವಯಸ್ಕರ ಆಟಗಳನ್ನೆಲ್ಲ ಒಮ್ಮೆಲೇ ಹುಡುಕಾಟದಿಂದ ಮರೆಮಾಡಿದರು, ಮಾಡಿದವರಿಗೆ ಮುಂಚಿತವಾಗಿ ತಿಳಿಸುವಷ್ಟೂ ಪುರಸೊತ್ತು ಸಿಗಲಿಲ್ಲ. ಅಂಥ ಆಟಗಳ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿ ಬೇಡ. ಯಾವುದನ್ನು ಇಡುತ್ತೀಯ, ಯಾವುದನ್ನು ಇಡೋದಿಲ್ಲ ಅಂತ ಮೊದಲ ದಿನವೇ ಬರೆದು ಹಾಕು. ಪಾವತಿಗೆ ಒಬ್ಬರನ್ನೇ ನಂಬಬೇಡ.

ಬ್ಯಾಂಕಿಗೆ ಹೋದಾಗ ಅರ್ಜಿಯಲ್ಲಿ ಬರೀ “ಆನ್‌ಲೈನ್ ಗೇಮಿಂಗ್” ಅಂತ ಬರೀಬೇಡ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದ ಕಾಯ್ದೆ ಬಂದಮೇಲೆ ಆ ಎರಡು ಪದ ಕಂಡರೆ ಮ್ಯಾನೇಜರ್ ಗಾಬರಿ ಬೀಳ್ತಾರೆ. “ವಿಡಿಯೊ ಗೇಮ್ ಸಾಫ್ಟ್‌ವೇರ್ ಮಾರಾಟ, ಬಾಜಿ ಇಲ್ಲ, ಗೆದ್ದವರಿಗೆ ಹಣ ಇಲ್ಲ” ಅಂತ ಬಿಡಿಸಿ ಬರೆ.

ತೆರಿಗೆ ವಿಷಯ ಸಿಎ ನೋಡಿಕೊಳ್ಳಲಿ. ಸೆಟ್ಲ್‌ಮೆಂಟ್ ಒಪ್ಪಂದದ ಕರಡು ಬಂದಮೇಲೆ ಸಹಿ ಹಾಕುವ ಮುಂಚೆ ನನಗೊಂದು ಪ್ರತಿ ಕಳಿಸು, ಪ್ರಿಂಟ್ ಹಾಕಿಸಿ ಕಳಿಸು, ಫೋನಿನಲ್ಲಿ ಕಣ್ಣು ಕೂರೋದಿಲ್ಲ.

ನಿನ್ನ,
ದೊಡ್ಡಪ್ಪ