ಯಾತ್ರೆಗೆ ಹೊರಡುವ ಮನಸ್ಸು

ಊರಿನಲ್ಲಿ ಬಸದಿಯಿದೆ. ಬಸದಿಯಲ್ಲಿ ನಿತ್ಯಾಭಿಷೇಕ ತಪ್ಪದೆ ನಡೆಯುತ್ತದೆ. ಅಲ್ಲಿ ವಿರಾಜಮಾನರಾದ ಪಾರ್ಶ್ವನಾಥ ಸ್ವಾಮಿಯೇ ಸಮ್ಮೇದಶಿಖರದ ಸುವರ್ಣಭದ್ರ ಕೂಟದಲ್ಲಿ ಮುಕ್ತಿಯನ್ನೈದಿದವರು. ಹೀಗಿರುವಾಗ ಸೋಲಾಪುರ, ಜತ್ತ, ಅಕ್ಕಲಕೋಟೆಗಳ ಕಡೆಯ ಶ್ರಾವಕನು ಹೊಲ ಅಂಗಡಿಗಳನ್ನು ಬಿಟ್ಟು, ದಿನಗಟ್ಟಲೆ ರೈಲಿನಲ್ಲಿ ಕುಳಿತು, ಝಾರ್ಖಂಡದ ಆ ಬೆಟ್ಟಕ್ಕೆ ಹೋಗುವುದೇಕೆ? ಪುಣ್ಯಸಂಪಾದನೆಗೆಂಬುದು ಸಿದ್ಧ ಉತ್ತರ. ಆದರೆ ತೀರ್ಥವಂದನೆಯನ್ನು ಕೊಂಡಾಡಿದ ಪರಂಪರೆಯೇ ಗೃಹಸ್ಥನ ಸಂಚಾರಕ್ಕೆ ಮಿತಿ ಹಾಕುವ ವ್ರತಗಳನ್ನೂ ವಿಧಿಸಿದೆ. ಇವೆರಡನ್ನೂ ಜೊತೆಗಿಟ್ಟು ನೋಡಿದಾಗ ಯಾತ್ರೆಗೆ ಹೊರಡುವ ಮನಸ್ಸಿನ ಬಗೆಗೆ ಪೂರ್ವಾಚಾರ್ಯರು ಎಷ್ಟು ಸೂಕ್ಷ್ಮವಾಗಿ ಚಿಂತಿಸಿದ್ದರೆಂಬುದು ವಿದಿತವಾಗುತ್ತದೆ.

ಆಧುನಿಕ ಮನಶ್ಶಾಸ್ತ್ರವು ಈ ವಿಷಯವನ್ನು ಕೈಗೆತ್ತಿಕೊಂಡದ್ದು ಇತ್ತೀಚೆಗೆ. 1977ರಲ್ಲಿ ಗ್ರಹಾಂ ಡ್ಯಾನ್ ಎಂಬ ಸಮಾಜಶಾಸ್ತ್ರಜ್ಞರು ಪ್ರವಾಸದ ಪ್ರೇರಣೆಗಳನ್ನು ಎರಡಾಗಿ ನೋಡಿದರು: ಮನುಷ್ಯನನ್ನು ಮನೆಯಿಂದ ಹೊರಗೆ ನೂಕುವಂಥವು, ಸ್ಥಳವೊಂದರ ಕಡೆಗೆ ಸೆಳೆಯುವಂಥವು. ಎರಡು ವರ್ಷಗಳ ತರುವಾಯ ಅಮೆರಿಕದಲ್ಲಿ ಜಾನ್ ಕ್ರಾಂಪ್ಟನ್ ಅವರು ಪ್ರವಾಸಿಗರನ್ನು ಮಾತನಾಡಿಸಿ ಒಂಬತ್ತು ಪ್ರೇರಣೆಗಳನ್ನು ಗುರುತಿಸಿದರು. ನಿತ್ಯಜೀವನದ ಬೇಸರದಿಂದ ತಪ್ಪಿಸಿಕೊಳ್ಳುವುದು, ತನ್ನನ್ನು ತಾನು ಅರಿಯುವುದು, ವಿಶ್ರಾಂತಿ, ಪ್ರತಿಷ್ಠೆ, ಹೊಣೆಯಿಲ್ಲದೆ ಮಗುವಿನಂತೆ ಇರುವುದು, ಕುಟುಂಬದ ನಂಟನ್ನು ಬಲಪಡಿಸುವುದು, ಹೊಸಬರ ಒಡನಾಟ, ಇವು ಏಳು. ಹೊಸತನದ ಆಸೆ, ಜ್ಞಾನದ ಆಸೆ ಎಂಬಿವು ಉಳಿದೆರಡು. ಗಮನಿಸತಕ್ಕದ್ದೆಂದರೆ, ಮೊದಲಿನ ಏಳಕ್ಕೂ ಹೋಗುವ ಸ್ಥಳಕ್ಕೂ ಹೆಚ್ಚು ಸಂಬಂಧವಿಲ್ಲ. ಅವು ಮನೆಯಲ್ಲಿ ಇದ್ದಾಗಲೇ ಮನಸ್ಸಿನಲ್ಲಿ ಹುಟ್ಟಿ, ಅನಂತರ ಒಂದು ಊರಿನ ಹೆಸರನ್ನು ಹುಡುಕಿಕೊಳ್ಳುತ್ತವೆ.

ಯಾತ್ರೆಯ ಬಸ್ಸನ್ನು ಹತ್ತಿದವರೂ ಇದಕ್ಕೆ ಹೊರತಲ್ಲ. ಮನೆಯ ಹಿರಿಯರ ಮರಣಾನಂತರ ಗೋಡೆಗಳನ್ನೇ ನೋಡಲಾರದೆ ಹೊರಟ ವಿಧವೆ, ನಿವೃತ್ತಿಯ ಮರುದಿನದಿಂದ ಹೊತ್ತು ಹೋಗದ ಮಾಸ್ತರರು, ಸೊಸೆಯ ಕೂಡ ನಾಲ್ಕು ದಿನ ನಗುನಗುತ್ತ ಕಳೆಯಲು ಬಯಸಿದ ಅತ್ತೆ, ‘ಶಿಖರಜಿ ಆಗಿದೆ’ ಎಂದು ನೆಂಟರಲ್ಲಿ ಹೇಳಿಕೊಳ್ಳಬೇಕೆನ್ನುವ ವ್ಯಾಪಾರಿ, ಎಲ್ಲರೂ ಅದೇ ಬಸ್ಸಿನಲ್ಲಿರುತ್ತಾರೆ. ಇದನ್ನು ಹಗುರವಾಗಿ ಕಾಣಬೇಕಾಗಿಲ್ಲ. ದುಃಖದ ಭಾರವೇ ಒಬ್ಬಳನ್ನು ಜಿನಪಾದದವರೆಗೆ ತಂದಿತೆಂದರೆ ಆ ಭಾರಕ್ಕೂ ಒಂದು ಬೆಲೆಯುಂಟು.

ಇನ್ನು ಆಚಾರ್ಯರ ವಿಚಾರ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಿಗ್ವ್ರತ, ದೇಶವ್ರತಗಳ ವಿಧಾನವಿದೆ. ದಿಕ್ಕುಗಳಲ್ಲಿ ತಾನು ಇಂತಿಷ್ಟು ದೂರದಾಚೆ ಹೋಗೆನೆಂದು ಜೀವಿತಾವಧಿಗೆ ಗೆರೆ ಹಾಕಿಕೊಳ್ಳುವುದು ದಿಗ್ವ್ರತ. ಆ ಗೆರೆಯು ಮರೆತುಹೋಗದಂತೆ ಸಮುದ್ರ, ನದಿ, ಅಡವಿ, ಬೆಟ್ಟ, ನಾಡುಗಳಂಥ ಪ್ರಸಿದ್ಧ ಗುರುತುಗಳನ್ನು ಇಟ್ಟುಕೊಳ್ಳಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೇಲೆ, ಕೆಳಗೆ, ಅಡ್ಡಲಾಗಿ ಮಿತಿಮೀರುವ ಮೂರು ಕಾಲಿನ ತಪ್ಪುಗಳು. ಉಳಿದೆರಡು ಮನಸ್ಸಿನವು: ಲೋಭದ ಆವೇಶದಿಂದ ಎಲ್ಲೆಯನ್ನೇ ಹಿಗ್ಗಿಸಿಕೊಳ್ಳುವ ಕ್ಷೇತ್ರವೃದ್ಧಿ, ಹಾಕಿದ ಎಲ್ಲೆ ಎಲ್ಲಿತ್ತೆಂಬುದೇ ಮರೆಯುವ ಸ್ಮೃತ್ಯಂತರಾಧಾನ. ಹೊರಟವನನ್ನು ನಡೆಸುವುದು ಕಾಲಲ್ಲ, ಆಸೆ ಮತ್ತು ಮರೆವು ಎಂಬ ನಿರ್ಣಯವು ಈ ಎಣಿಕೆಯಲ್ಲಿಯೇ ಅಡಗಿದೆ.

ದೇಶವ್ರತವು ಇನ್ನೂ ಕಿರಿದಾದ ಎಲ್ಲೆ. ಇಷ್ಟು ಕಾಲದವರೆಗೆ ಈ ಮನೆ, ಈ ಊರು ಬಿಟ್ಟು ಹೋಗೆನೆಂಬ ನಿಯಮವದು. ಇದರ ಅತಿಚಾರಗಳಂತೂ ಇಂದಿನ ಓದುಗರನ್ನು ಬೆರಗುಗೊಳಿಸುವಂತಿವೆ. ಎಲ್ಲೆಯಾಚೆಯ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ಆಳನ್ನು ಕಳುಹಿ ಅಲ್ಲಿನ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೆಮ್ಮಿ ಕೂಗಿ ಆಚೆಯವರ ಗಮನ ಸೆಳೆಯುವುದು ಶಬ್ದಾನುಪಾತ. ಮುಖ ತೋರಿಸಿ ಸೆಳೆಯುವುದು ರೂಪಾನುಪಾತ. ಕಲ್ಲು ಬೀಸಿ ಎಚ್ಚರಿಸುವುದು ಪುದ್ಗಲಕ್ಷೇಪ. ಕಾಲು ಹೊಸಿಲು ದಾಟದಿದ್ದರೂ ಮನಸ್ಸು ದಾಟಿಹೋಗುವ ಬಗೆಗಳಿವು. ಕೈಯಲ್ಲಿ ಮೊಬೈಲ್ ಹಿಡಿದು ಕುಳಿತವನು ಈ ಐದನ್ನೂ ಕ್ಷಣಾರ್ಧದಲ್ಲಿ ಮಾಡಬಲ್ಲ.

ಹಾಗಾದರೆ ತೀರ್ಥಯಾತ್ರೆಗೆ ಎಡೆಯೆಲ್ಲಿ? ತೀರ್ಥವೆಂದರೆ ಹೊಳೆಯನ್ನು ದಾಟುವ ಕಡವು. ದಾಟಲೆಂದು ಬಂದವನು ಕಡವಿನಲ್ಲಿ ಮನೆ ಕಟ್ಟುವುದಿಲ್ಲ, ಅಲ್ಲಿನ ಸೊಬಗನ್ನು ನೋಡಿ ಹಿಂದಿರುಗುವುದೂ ಇಲ್ಲ. ಯಾತ್ರೆ ಮುಗಿಯುವ ತನಕ ತುಪ್ಪವನ್ನೋ ಬೆಲ್ಲವನ್ನೋ ತ್ಯಜಿಸುವ ಹಿರಿಯರ ನಿಯಮದ ಹಿಂದೆ ಈ ಎಚ್ಚರವಿದೆ. ಹೊರಡುವಾಗ ಒಂದನ್ನು ಬಿಟ್ಟವನಿಗೆ ತಾನೇಕೆ ಹೊರಟೆನೆಂಬುದು ಪ್ರತಿ ಊಟದಲ್ಲಿಯೂ ನೆನಪಾಗುತ್ತದೆ. 2010ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸಿನ ಅಧ್ಯಯನವೊಂದು 1,530 ಜನರನ್ನು ವಿಚಾರಿಸಿ, ಪ್ರವಾಸ ಹೊರಡಲಿರುವವರು ಇತರರಿಗಿಂತ ಹೆಚ್ಚು ಸುಖಿಗಳಾಗಿರುತ್ತಾರೆಂದೂ, ಬಹಳ ನೆಮ್ಮದಿಯ ಪ್ರವಾಸ ಮಾಡಿದವರ ಹೊರತು ಉಳಿದವರಲ್ಲಿ ಮರಳಿದ ಮೇಲೆ ಆ ಅಂತರ ಉಳಿಯುವುದಿಲ್ಲವೆಂದೂ ಕಂಡುಕೊಂಡಿತು. ಸುಖವು ನಿರೀಕ್ಷೆಯಲ್ಲಿತ್ತು, ಸ್ಥಳದಲ್ಲಿರಲಿಲ್ಲ. ತೃಷ್ಣೆಯ ಸ್ವಭಾವವನ್ನು ಬಲ್ಲವರಿಗೆ ಇದು ಹೊಸ ಸಂಗತಿಯೇನಲ್ಲ.

ಶ್ರವಣಬೆಳಗೊಳದ ಬಂಡೆಗಳಲ್ಲಿ ಯಾತ್ರಿಕರ ಹೆಸರುಗಳನ್ನು ಕೊರೆದ ಶಾಸನಗಳು ನೂರಕ್ಕೂ ಮಿಕ್ಕಿ ಇವೆ. ಉತ್ತರದೇಶದಿಂದ ಬಂದವರು ನಾಗರೀಲಿಪಿಯಲ್ಲಿ ಬರೆಸಿದವೂ ಇವುಗಳಲ್ಲಿವೆ. ಚಂದ್ರಗಿರಿಯಲ್ಲಿ ‘ಕವಿರತ್ನ’ ಎಂಬ ಹೆಸರಿದ್ದು, ಅದು ರನ್ನ ಮಹಾಕವಿಯದೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಸರ್ವಸ್ವವನ್ನೂ ತ್ಯಜಿಸಿ ನಿಂತ ಬಾಹುಬಲಿಯ ಕ್ಷೇತ್ರದಲ್ಲಿ ತನ್ನ ಹೆಸರು ಉಳಿಯಲೆಂಬ ಬಯಕೆ! ಆದರೂ ಆ ಹೆಸರುಗಳನ್ನು ಕಂಡಾಗ ಕೋಪ ಬರುವುದಿಲ್ಲ. ತಿಂಗಳುಗಟ್ಟಲೆ ನಡೆದು ಬಂದವನು ‘ಬಂದೆ’ ಎಂದು ಹೇಳಿದ ದನಿ ಅದು.

ಯಾತ್ರಿಕನಾರು, ಪ್ರವಾಸಿಯಾರು ಎಂಬ ಪ್ರಶ್ನೆಯು ಸಮಾಜದ ಮುಂದೆ ತೀವ್ರವಾಗಿ ನಿಂತದ್ದು ಇತ್ತೀಚೆಗೆ. ಕೇಂದ್ರ ಸರ್ಕಾರವು 2019ರ ಆಗಸ್ಟಿನಲ್ಲಿ ಪಾರಸನಾಥ ಬೆಟ್ಟದ ಸುತ್ತ ಪರಿಸರ ಸೂಕ್ಷ್ಮ ವಲಯವನ್ನು ಘೋಷಿಸಿದ ಅಧಿಸೂಚನೆಯಲ್ಲಿ ಪರಿಸರ ಪ್ರವಾಸೋದ್ಯಮಕ್ಕೂ ಎಡೆಯಿತ್ತು. 2022ರ ಕೊನೆಯಲ್ಲಿ ದೇಶದಾದ್ಯಂತ ಜೈನರು ಪ್ರತಿಭಟಿಸಿದರು. 2023ರ ಜನವರಿ 5ರಂದು ಸರ್ಕಾರ ಅಲ್ಲಿ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ಅದೇ ಬೆಟ್ಟವನ್ನು ಸಂತಾಲರು ಮರಾಂಗ್ ಬುರು ಎಂದು ಪೂಜಿಸುತ್ತಾರೆಂಬುದು ಆ ದಿನಗಳಲ್ಲಿ ಅನೇಕ ಶ್ರಾವಕರಿಗೆ ಮೊದಲ ಬಾರಿಗೆ ತಿಳಿಯಿತು. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯು ವಿಹಾರಧಾಮವಾಗಬಾರದೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಆ ಬೇಡಿಕೆಯ ಭಾರವು ಕೇಳಿದವರ ಮೇಲೆಯೂ ಬೀಳುತ್ತದೆ. ಟೋಂಕಿನ ಮುಂದೆ ವಂದನೆಗಿಂತ ಮೊದಲು ಫೋಟೋ ತೆಗೆಯುವ, ತಿಂಡಿಯ ಪ್ಲಾಸ್ಟಿಕ್ ಚೀಟಿಗಳನ್ನು ದಾರಿಯಲ್ಲಿ ಚೆಲ್ಲುವ ಯಾತ್ರಿಕನನ್ನು ಸರ್ಕಾರದ ಯಾವ ಅಧಿಸೂಚನೆಯೂ ತಡೆಯಲಾರದು.

ಮಧುಬನದಿಂದ ನಸುಕಿಗೆ ಮುಂಚೆಯೇ ಬರಿಗಾಲಲ್ಲಿ ಹೊರಟವರು ಒಂಬತ್ತು ಕಿಲೋಮೀಟರ್ ಏರಿ, ಒಂಬತ್ತು ಕಿಲೋಮೀಟರ್ ಟೋಂಕುಗಳ ವಂದನೆ ಮಾಡಿ, ಮತ್ತೆ ಒಂಬತ್ತು ಕಿಲೋಮೀಟರ್ ಇಳಿಯುತ್ತಾರೆ. ಸಂಜೆ ಧರ್ಮಶಾಲೆಯ ಜಗಲಿಯಲ್ಲಿ ಕಾಲಿಗೆ ಎಣ್ಣೆ ತಿಕ್ಕುತ್ತ ಕುಳಿತವರಲ್ಲಿ ಹಲವರು ಮರುದಿನದ ಪಾವಾಪುರಿ, ಚಂಪಾಪುರಿಗಳ ಬಸ್ಸಿನ ಮಾತಿನಲ್ಲಿ ತೊಡಗಿರುತ್ತಾರೆ. ಒಬ್ಬಿಬ್ಬರು ಮಾತ್ರ ಬೆಟ್ಟದ ಕಡೆಗೆ ಮುಖ ಮಾಡಿ ಸುಮ್ಮನಿರುತ್ತಾರೆ.