ಹೊಂಗೆ ಬೀಜದ ತೂಕ

ನಮ್ಮ ಹೊಲದ ಬದುವಿನಲ್ಲಿ ಹೊಂಗೆ ಮರ ಇದೆ. ಕೆರೆ ಏರಿಯ ಮೇಲೂ ಇದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಕಡೆ ಬಸ್ಸಿನಲ್ಲಿ ಹೋದರೂ ರಸ್ತೆ ಬದಿಯಲ್ಲಿ ಹೊಂಗೆ ಕಾಣುತ್ತೆ. ದಿನಾ ನೋಡುವ ಮರ. ಅದಕ್ಕೇ ನಾವು ಅದನ್ನು ಲೆಕ್ಕಕ್ಕೆ ಇಟ್ಟಿಲ್ಲ.

ಹೊಂಗೆ ಯಾರ ನೆಂಟ ಗೊತ್ತಾ ಅಕ್ಕಾ? ನಮ್ಮ ಅವರೆಯ ನೆಂಟ. ತೊಗರಿ, ಹುರುಳಿ, ಅಲಸಂದೆ, ಎಲ್ಲಾ ಇದೇ ಕುಲ. ಅವರೆ ಹೂವಿನ ಆಕಾರವೇ ಹೊಂಗೆ ಹೂವಿಗೂ. ಅವರೆ ಗಿಡ ಕಿತ್ತರೆ ಬೇರಿನಲ್ಲಿ ಸಣ್ಣ ಸಣ್ಣ ಗಂಟು ಕಾಣುತ್ತವೆ. ಹೊಂಗೆ ಬೇರಿನಲ್ಲೂ ಅಂಥ ಗಂಟು ಇರುತ್ತವೆ. ಅದರೊಳಗೆ ಕಣ್ಣಿಗೆ ಕಾಣದ ಜೀವಿಗಳಿವೆ. ಅವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ನಾವು ದುಡ್ಡು ಕೊಟ್ಟು ತರುವ ಯೂರಿಯಾದಲ್ಲಿ ಇರುವುದೂ ಸಾರಜನಕವೇ. ಗದ್ದೆಗೆ ಹೊಂಗೆ ಸೊಪ್ಪು ಹಾಕಿ ತುಳಿಯುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಹೆಸರು ಗೊತ್ತಿರಲಿಲ್ಲ. ಪೈರು ಹಸಿರಾಗುವುದು ಗೊತ್ತಿತ್ತು.

ಅವರೆಕಾಳು ಸಾರಿಗೆ ಆಗುತ್ತೆ. ಹೊಂಗೆ ಬೀಜ ಬಾಯಿಗೆ ಆಗದು. ಕಹಿ, ವಿಷ. ಇದರ ಎಣ್ಣೆಯನ್ನು ಅಡಿಗೆಗೆ ಬಳಸಬಾರದು. ಹಿಂಡಿಯನ್ನು ದನಕ್ಕೆ ಇಡಬಾರದು. ಹಿಂದೆ ಈ ಎಣ್ಣೆಯಲ್ಲಿ ದೀಪ ಹಚ್ಚುತ್ತಿದ್ದರು.

ಬೇಸಿಗೆಯಲ್ಲಿ ಕಾಯಿ ಒಣಗಿ ಉದುರುತ್ತೆ. ಗುಡಿಸಿ ತರುವವರು ಯಾರು? ನಾವೇ, ಹೆಂಗಸರು. ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ಬೀಜ ಬಿಡಿಸುತ್ತೇವೆ. ಒಂದು ಕಾಯಿಗೆ ಸಾಮಾನ್ಯವಾಗಿ ಒಂದೇ ಬೀಜ. ಒಂದು ಚೀಲ ತುಂಬಲು ಎಷ್ಟು ಸಲ ಸೊಂಟ ಬಗ್ಗಬೇಕು, ಬಗ್ಗಿದವರಿಗೇ ಗೊತ್ತು. ಆಮೇಲೆ ವ್ಯಾಪಾರಿ ಬಾಗಿಲಿಗೆ ಬರುತ್ತಾನೆ. ಚೀಲ ಎತ್ತಿ ನೋಡಿ, "ಇಷ್ಟು ಕೊಡ್ತೀನಿ ಕಣಮ್ಮ" ಅಂತಾನೆ. ನಾವು ಕೊಟ್ಟುಬಿಡುತ್ತೇವೆ. ತೂಕ ಎಷ್ಟು ಅಂತ ಕೇಳಿದೆವಾ?

ಈ ಬೀಜ ಕಸ ಅಲ್ಲ. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಜೈವಿಕ ಇಂಧನ ಉದ್ಯಾನ ಶುರು ಮಾಡಿತು. ಹೊಂಗೆ, ಬೇವು, ಹಿಪ್ಪೆ ಬೀಜಗಳ ಎಣ್ಣೆಯಿಂದ ಬಯೋಡೀಸೆಲ್ ಮಾಡುವುದನ್ನು ಅಲ್ಲಿ ತೋರಿಸಿಕೊಟ್ಟರು. ಡೀಸೆಲ್ ಹಾಕುವ ಎಂಜಿನ್‌ಗೆ ಅದನ್ನು ಬೆರೆಸಿ ಹಾಕಬಹುದು. ಸುತ್ತಿನ ಹಳ್ಳಿಗಳ ರೈತರು ಬದುವಿನಲ್ಲಿ ಹೊಂಗೆ ಸಸಿ ನೆಟ್ಟರು.

ಬೀಜವನ್ನು ಗಾಣಕ್ಕೆ ಕೊಟ್ಟರೆ ಏನು ಸಿಗುತ್ತೆ? 4 ಕಿಲೋ ಬೀಜಕ್ಕೆ ಸುಮಾರು 1 ಲೀಟರ್ ಎಣ್ಣೆ. ಉಳಿದದ್ದು ಹಿಂಡಿ, 3 ಕಿಲೋದಷ್ಟು. ಹಿಂಡಿ ತೆಂಗಿನ ಬುಡಕ್ಕೆ, ಗದ್ದೆಗೆ ಒಳ್ಳೆಯ ಗೊಬ್ಬರ. ಆದ್ದರಿಂದ ಬೀಜ ಮಾರಿದಾಗ ಎಣ್ಣೆಯ ಜೊತೆ ನಮ್ಮ ಗೊಬ್ಬರವೂ ಹೋಯಿತು. ಗಾಣಕ್ಕೆ ಕೊಟ್ಟವರು ಹಿಂಡಿ ಕೇಳಿ ತನ್ನಿ, ಬಿಟ್ಟು ಬರಬೇಡಿ. ಮಾರುವುದಾದರೆ ತಕ್ಕಡಿಯಲ್ಲಿ ತೂಗಿಸಿ. ಕಿಲೋಗೆ ಎಷ್ಟು ಅಂತ ಕೇಳಿ. ಒಬ್ಬರೇ ಕೇಳಲು ಹಿಂಜರಿಕೆ ಆದರೆ ಕೇರಿಯವರೆಲ್ಲ ಬೀಜ ಒಟ್ಟು ಮಾಡಿ, ಚೀಟಿಯಲ್ಲಿ ಹೆಸರು, ತೂಕ ಬರೆದುಕೊಂಡು ಮಾರಬಹುದು. ಬರೆಯಲು ಈಗ ನಮಗೆ ಬರುತ್ತಲ್ಲ!

ಲೆಕ್ಕ ಮಾಡಿ: ನಮ್ಮ ಹತ್ತಿರ 20 ಕಿಲೋ ಹೊಂಗೆ ಬೀಜ ಇದೆ. ಗಾಣದಿಂದ ಎಷ್ಟು ಲೀಟರ್ ಎಣ್ಣೆ ಬರುತ್ತೆ? ಎಷ್ಟು ಕಿಲೋ ಹಿಂಡಿ ಮನೆಗೆ ತರಬೇಕು?